ಸಾಹಿತ್ಯ ತರಗತಿಯಲ್ಲಿ ಪರೀಕ್ಷೆ ಮತ್ತು ಕೃತಿಸಂಪುಟ: ಪಾಂಡವಪುರ ಉಪವಿಭಾಗವನ್ನು ಅನುಲಕ್ಷಿಸಿ ಒಂದು ವಿವೇಚನೆ

೧

ಕರ್ನಾಟಕದ ಪ್ರೌಢಶಾಲೆಗಳ ಪ್ರಥಮ ಭಾಷೆ ಕನ್ನಡದ ಪ್ರಶ್ನೆಪತ್ರಿಕೆಗೆ ಬಹುಮಟ್ಟಿಗೆ ಸ್ಥಿರವಾದ ಒಂದು ಚೌಕಟ್ಟಿದೆ. ಕವಿ ಅಥವಾ ಸಾಹಿತಿಯ ಸ್ಥಳ, ಕಾಲ, ಕೃತಿ, ಪ್ರಶಸ್ತಿಗಳನ್ನು ವಾಕ್ಯರೂಪದಲ್ಲಿ ಬರೆಯುವುದು. ಕೊಟ್ಟ ಮಾತನ್ನು ಸಂದರ್ಭದೊಡನೆ ವಿವರಿಸಿ ಸ್ವಾರಸ್ಯ ಹೇಳುವುದು. ಕಂಠಪಾಠದ ಪದ್ಯಭಾಗವನ್ನು ಪೂರ್ಣಗೊಳಿಸುವುದು. ಪ್ರಸ್ತಾರ ಹಾಕಿ ಗಣ ವಿಂಗಡಿಸುವುದು. ಗಾದೆಯ ವಿಸ್ತರಣೆ, ಪತ್ರಲೇಖನ, ಪ್ರಬಂಧ. ಈ ಚೌಕಟ್ಟಿನಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯವೊಂದು ಪಠ್ಯವಾಗಿರುವ ವರ್ಷವನ್ನು ಊಹಿಸಿಕೊಳ್ಳಬಹುದು. ಬೀದರಿನ ವಿದ್ಯಾರ್ಥಿನಿ ಕವಿಯ ಸ್ಥಳ ಕಿಕ್ಕೇರಿ, ಕಾಲ ೧೯೧೫ ಎಂದು ಬರೆಯುತ್ತಾಳೆ. ಕಿಕ್ಕೇರಿಯ ವಿದ್ಯಾರ್ಥಿನಿಯೂ ಅದನ್ನೇ ಬರೆಯುತ್ತಾಳೆ. ಇಬ್ಬರಿಗೂ ಸಮಾನವಾದ ಅಂಕ ದೊರೆಯುತ್ತದೆ. ಹೀಗೆ ದೊರೆಯುವುದು ನ್ಯಾಯವೇ ಸರಿ. ಆದರೆ ಕಿಕ್ಕೇರಿಯವಳು ತನ್ನ ಊರಿನ ಆಡುಮಾತಿನ ಲಯವನ್ನು ಆ ಪದ್ಯದಲ್ಲಿ ಗುರುತಿಸಿದಳೇ, ಬೀದರಿನವಳಿಗೆ ಆ ಲಯ ಎಲ್ಲಿ ಅಪರಿಚಿತವೆನಿಸಿತು ಎಂಬ ಸಂಗತಿಗಳು ಉತ್ತರಪತ್ರಿಕೆಯ ಯಾವ ಅಂಕಣಕ್ಕೂ ಸೇರುವುದಿಲ್ಲ. ಪರೀಕ್ಷೆಯ ನ್ಯಾಯವೂ ಅದರ ಬಡತನವೂ ಒಂದೇ ಮೂಲದಿಂದ ಹುಟ್ಟಿವೆ ಎಂಬುದನ್ನು ಈ ಉದಾಹರಣೆ ಸ್ಪಷ್ಟಪಡಿಸುತ್ತದೆ.

ಈ ಬಡತನಕ್ಕೆ ಪರಿಹಾರವೆಂದು ಸೂಚಿತವಾಗಿರುವ ಕ್ರಮಗಳಲ್ಲಿ ಕೃತಿಸಂಪುಟ ಮುಖ್ಯವಾದುದು. ವಿದ್ಯಾರ್ಥಿಯು ಒಂದು ಅವಧಿಯಲ್ಲಿ ಬರೆದ, ತಿದ್ದಿದ, ಸಂಗ್ರಹಿಸಿದ ಬರೆಹಗಳಿಂದ ತಾನೇ ಕೆಲವನ್ನು ಆಯ್ದು, ಆಯ್ಕೆಯ ಕಾರಣವನ್ನು ಬರೆದು ಒಪ್ಪಿಸುವ ಕಡತಕ್ಕೆ ಈ ಹೆಸರು. ಎಲ್ಲ ಬರೆಹಗಳನ್ನೂ ಒಂದೆಡೆ ಸೇರಿಸಿ ದಾರ ಕಟ್ಟಿದರೆ ಅದು ಕೃತಿಸಂಪುಟವಾಗುವುದಿಲ್ಲ. ಆಯ್ಕೆ, ಪರಿಷ್ಕರಣ, ಆತ್ಮವಿಮರ್ಶೆ ಎಂಬ ಮೂರು ಅಂಶಗಳು ಅದರಲ್ಲಿ ಇರಲೇಬೇಕು. ಸಾಹಿತ್ಯವನ್ನು ಬೋಧಿಸುವ ಅಧ್ಯಾಪಕನು ಇವೆರಡರಲ್ಲಿ ಯಾವುದನ್ನು ಅವಲಂಬಿಸಬೇಕು ಎಂಬ ಪ್ರಶ್ನೆಯನ್ನು ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗದ ಹಿನ್ನೆಲೆಯಲ್ಲಿ ಇಲ್ಲಿ ಪರಿಶೀಲಿಸಲಾಗಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ಈ ಉಪವಿಭಾಗದ ನಾಲ್ಕು ತಾಲ್ಲೂಕುಗಳು.

೨

ಈ ಪ್ರದೇಶದ ಆಯ್ಕೆಗೆ ಕಾರಣವುಂಟು. ಕನ್ನಡ ಪಠ್ಯಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಹೆಸರುಗಳು ಇಷ್ಟು ಒತ್ತಾಗಿ ನೆಲೆಗೊಂಡ ಪ್ರದೇಶಗಳು ವಿರಳ. ಗೋವಿಂದವೈದ್ಯನು ‘ಕಂಠೀರವ ನರಸರಾಜ ವಿಜಯ’ದಲ್ಲಿ (೧೬೪೮) ವರ್ಣಿಸಿದ ನವರಾತ್ರಿಯ ವೈಭವ ಶ್ರೀರಂಗಪಟ್ಟಣದ್ದು. ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಆಸ್ಥಾನದ ತಿರುಮಲಾರ್ಯ, ಚಿಕುಪಾಧ್ಯಾಯ, ಸಿಂಗರಾರ್ಯ, ಸಂಚಿಯ ಹೊನ್ನಮ್ಮ ಇವರೆಲ್ಲರ ಕಾರ್ಯಕ್ಷೇತ್ರವೂ ಆ ರಾಜಧಾನಿಯೇ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಪು.ತಿ. ನರಸಿಂಹಾಚಾರ್ಯರ (೧೯೦೫–೧೯೯೮) ಜನ್ಮಸ್ಥಳ. ಕೃಷ್ಣರಾಜಪೇಟೆ ತಾಲ್ಲೂಕು ಅಕ್ಕಿಹೆಬ್ಬಾಳಿನಿಂದ ಎ.ಎನ್. ಮೂರ್ತಿರಾವ್ ಅವರನ್ನೂ (೧೯೦೦–೨೦೦೩) ಕಿಕ್ಕೇರಿಯಿಂದ ನರಸಿಂಹಸ್ವಾಮಿಯವರನ್ನೂ (೧೯೧೫–೨೦೦೩) ಕೊಟ್ಟಿದೆ. ಬಿ.ಎಂ.ಶ್ರೀ. ಅವರ ಹೆಸರಿನ ಮೊದಲಕ್ಷರ ನಾಗಮಂಗಲ ತಾಲ್ಲೂಕಿನ ಬೆಳ್ಳೂರನ್ನು ಸೂಚಿಸುತ್ತದೆ. ಜಾನಪದ ವಿದ್ವಾಂಸರಾದ ಎಚ್.ಎಲ್. ನಾಗೇಗೌಡ ಮತ್ತು ಜೀ.ಶಂ. ಪರಮಶಿವಯ್ಯ ಇಬ್ಬರೂ ಅದೇ ತಾಲ್ಲೂಕಿನವರು. ಇದರ ಜೊತೆಗೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟ (೧೯೭೭) ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳನ್ನೂ ಏಳನೆಯ ಸಂಪುಟ (೧೯೭೯) ನಾಗಮಂಗಲ ಮೊದಲಾದ ತಾಲ್ಲೂಕುಗಳ ಶಾಸನಗಳನ್ನೂ ಒಳಗೊಂಡಿವೆ. ಶಾಲೆಯ ಪಕ್ಕದ ಗುಡಿಯ ಮುಂದೆ ನಿಂತಿರುವ ಕಲ್ಲಿನ ಪಾಠವನ್ನು ಗ್ರಂಥಾಲಯದ ಪುಸ್ತಕದಲ್ಲಿ ತೆರೆದು ನೋಡುವ ಅನುಕೂಲ ಇಲ್ಲಿನ ಅಧ್ಯಾಪಕರಿಗಿದೆ.

ಈ ಸಂಪತ್ತು ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ರೀತಿಯಲ್ಲಿ ದೊರೆಯುತ್ತದೆಂದು ಭಾವಿಸಬಾರದು. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಪಾಂಡವಪುರ–ಶ್ರೀರಂಗಪಟ್ಟಣಗಳ ಕಬ್ಬು–ಭತ್ತದ ಬಯಲಿಗೂ ನಾಗಮಂಗಲದ ರಾಗಿ–ತೆಂಗಿನ ಬೆದ್ದಲಿಗೂ ಬದುಕಿನ ಅಂತರ ಸಾಕಷ್ಟಿದೆ. ಮನೆಯಲ್ಲಿ ಓದುವ ಮೇಜಿರುವ ವಿದ್ಯಾರ್ಥಿಯೂ, ದನ ಕಟ್ಟಿ ಬಂದು ಪುಸ್ತಕ ಹಿಡಿಯುವ ಮೊದಲ ತಲೆಮಾರಿನ ವಿದ್ಯಾರ್ಥಿಯೂ ಒಂದೇ ಬೆಂಚಿನಲ್ಲಿರುತ್ತಾರೆ. ಮೌಲ್ಯಮಾಪನದ ಪ್ರಶ್ನೆ ಈ ಬೆಂಚಿನ ಮೇಲೆಯೇ ತೀರ್ಮಾನವಾಗಬೇಕಾದುದು.

೩

ಬೋಧಿಸಿದವನಲ್ಲದ, ವಿದ್ಯಾರ್ಥಿಯ ಮುಖವನ್ನೇ ಕಾಣದ ಮತ್ತೊಬ್ಬನು ಬೆಲೆ ಕಟ್ಟುವ ಪದ್ಧತಿ ಭಾರತದ ಉನ್ನತ ಶಿಕ್ಷಣಕ್ಕೆ ಬಂದುದು ೧೮೫೭ರಲ್ಲಿ ಸ್ಥಾಪಿತವಾದ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳ ಮೂಲಕ. ಆಗಿನ ಲಂಡನ್ ವಿಶ್ವವಿದ್ಯಾನಿಲಯವನ್ನು ಮಾದರಿಯಾಗಿಟ್ಟುಕೊಂಡ ಈ ಸಂಸ್ಥೆಗಳ ಮುಖ್ಯ ಕೆಲಸ ಪಾಠ ಹೇಳುವುದಾಗಿರಲಿಲ್ಲ. ಕಾಲೇಜುಗಳು ಪಾಠ ಹೇಳಿದ್ದಕ್ಕೆ ಪರೀಕ್ಷೆ ನಡೆಸಿ ಪದವಿ ಕೊಡುವುದಾಗಿತ್ತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಗುವವರೆಗೆ ಮೈಸೂರು ಸೀಮೆಯ ಕಾಲೇಜುಗಳು ಮದರಾಸಿನ ಪರೀಕ್ಷೆಗೇ ಬದ್ಧವಾಗಿದ್ದವು. ಈ ಪದ್ಧತಿಯ ಬಗೆಗಿನ ಅತೃಪ್ತಿ ಹೊಸದೇನಲ್ಲ. ವಿಶ್ವವಿದ್ಯಾನಿಲಯ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಯ ಸುಧಾರಣೆಯೇ ಎಂದು ರಾಧಾಕೃಷ್ಣನ್ ಆಯೋಗ (೧೯೪೮–೪೯) ಅಭಿಪ್ರಾಯಪಟ್ಟಿತ್ತು. ಅಂತಿಮ ಫಲಿತಾಂಶದಲ್ಲಿ ಶಾಲೆಯೊಳಗಿನ ಕಿರುಪರೀಕ್ಷೆಗಳಿಗೂ ಶಾಲಾ ದಾಖಲೆಗಳಿಗೂ ಸಲ್ಲಬೇಕಾದ ಬೆಲೆ ಸಲ್ಲಬೇಕೆಂದು ಮುದಲಿಯಾರ್ ಆಯೋಗ (೧೯೫೨–೫೩) ಹೇಳಿತು. ೨೦೦೯ರ ಶಿಕ್ಷಣ ಹಕ್ಕು ಕಾಯ್ದೆಯ ೨೯ನೆಯ ಕಲಮು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನಕ್ಕೆ ಕಾನೂನಿನ ಬಲ ಕೊಟ್ಟಿತು. ಆ ಹೊತ್ತಿಗೆ ಮೊದಲ ಶಿಫಾರಸು ಬಂದು ಅರುವತ್ತು ವರ್ಷಗಳಾಗಿದ್ದವು.

ಇಂದು ಅಧ್ಯಾಪಕನ ಕೈಯಲ್ಲಿರುವುದೆಷ್ಟು ಎಂಬುದನ್ನು ಖಚಿತಪಡಿಸಿಕೊಳ್ಳದೆ ಆಯ್ಕೆಯ ಮಾತನಾಡುವುದು ವ್ಯರ್ಥ. ೨೦೧೪–೧೫ರಿಂದ ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ಭಾಷೆಯ ೧೨೫ ಅಂಕಗಳಲ್ಲಿ ೧೦೦ ಲಿಖಿತ ಪರೀಕ್ಷೆಗೂ ೨೫ ಆಂತರಿಕ ಮೌಲ್ಯಮಾಪನಕ್ಕೂ ಹಂಚಿಕೆಯಾಗಿವೆ. ಇತರ ವಿಷಯಗಳಲ್ಲಿ ಈ ಪ್ರಮಾಣ ೮೦ ಮತ್ತು ೨೦. ಆಂತರಿಕ ಅಂಕವು ವರ್ಷದ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿಂದ ಬರುತ್ತದೆ. ದ್ವಿತೀಯ ಪಿ.ಯು.ಸಿ.ಯ ಭಾಷಾ ವಿಷಯಗಳಿಗೆ ೨೦೨೩–೨೪ರಿಂದ ೮೦ ಮತ್ತು ೨೦ರ ಹಂಚಿಕೆ ಬಂದಿದ್ದು, ಇಪ್ಪತ್ತರಲ್ಲಿ ಕಿರುಪರೀಕ್ಷೆಗಳಿಗೂ ಯೋಜನಾಕಾರ್ಯಕ್ಕೂ ಪಾಲಿದೆ. ಪದವಿ ತರಗತಿಗಳಲ್ಲಿ ೨೦೨೧–೨೨ರ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಆಂತರಿಕ ಮೌಲ್ಯಮಾಪನಕ್ಕೆ ನೂರರಲ್ಲಿ ನಲವತ್ತು ಅಂಕಗಳನ್ನು ಕೊಟ್ಟಿತ್ತು. ೨೦೨೪–೨೫ರಿಂದ ರಾಜ್ಯವು ಆ ಚೌಕಟ್ಟನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಹೀಗಾಗಿ ಪರೀಕ್ಷೆಯೋ ಕೃತಿಸಂಪುಟವೋ ಎಂದು ಆರಿಸುವ ಪೂರ್ಣ ಸ್ವಾತಂತ್ರ್ಯ ಯಾವ ಹಂತದ ಅಧ್ಯಾಪಕನಿಗೂ ಇಲ್ಲ. ಐದನೆಯ ಒಂದು ಭಾಗವನ್ನು ಹೇಗೆ ತುಂಬಬೇಕೆಂಬ ಸ್ವಾತಂತ್ರ್ಯ ಮಾತ್ರ ಇದೆ. ಅದನ್ನು ಬಳಸಿಕೊಳ್ಳುತ್ತಿರುವ ಬಗೆಯನ್ನು ಬಲ್ಲವರಿಗೆ ಅದೂ ಅಲ್ಪವೆನಿಸಲಾರದು.

ಈ ಐದನೆಯ ಭಾಗದ ಮೇಲೆ ವ್ಯವಸ್ಥೆಗಿರುವ ನಂಬಿಕೆ ಎಷ್ಟೆಂಬುದನ್ನು ೨೦೨೧ನೆಯ ವರ್ಷ ಬಯಲಿಗಿಟ್ಟಿತು. ಕೋವಿಡ್ ಕಾರಣದಿಂದ ಆ ವರ್ಷ ದ್ವಿತೀಯ ಪಿ.ಯು.ಸಿ. ಪರೀಕ್ಷೆ ರದ್ದಾಯಿತು. ಫಲಿತಾಂಶವನ್ನು ಎಸ್.ಎಸ್.ಎಲ್.ಸಿ. ಅಂಕಗಳ ಶೇ. ೪೫, ಪ್ರಥಮ ಪಿ.ಯು.ಸಿ. ಅಂಕಗಳ ಶೇ. ೪೫ ಹಾಗೂ ಆಂತರಿಕ ಮೌಲ್ಯಮಾಪನದ ಶೇ. ೧೦ ಸೇರಿಸಿ ಸಿದ್ಧಪಡಿಸಲಾಯಿತು. ಪರೀಕ್ಷೆ ಇಲ್ಲವಾದಾಗ ಅದರ ಸ್ಥಾನಕ್ಕೆ ಬಂದದ್ದು ಹಳೆಯ ಪರೀಕ್ಷೆಗಳೇ. ಅದೇ ವರ್ಷದ ಜುಲೈ ೨೨ರಂದು ಎಸ್.ಎಸ್.ಎಲ್.ಸಿ.ಯ ಮೂರು ಭಾಷೆಗಳನ್ನೂ ಒಂದೇ ದಿನ, ಭಾಷೆಗೆ ನಲವತ್ತು ಬಹು ಆಯ್ಕೆ ಪ್ರಶ್ನೆಗಳಂತೆ ಪರೀಕ್ಷಿಸಲಾಯಿತು. ಕಾವ್ಯವನ್ನು ಓದಿದ ವಿದ್ಯಾರ್ಥಿ ಒಂದು ವಾಕ್ಯವನ್ನೂ ಬರೆಯದೆ ವೃತ್ತಗಳನ್ನು ತುಂಬಿ ಹೊರಬಂದ. ವಿಪತ್ಕಾಲದ ಕ್ರಮವೆಂದು ಅದನ್ನು ಒಪ್ಪಬಹುದಾದರೂ, ಅಧ್ಯಾಪಕನ ತೀರ್ಪಿಗಿಂತ ಯಂತ್ರದ ಎಣಿಕೆ ಹೆಚ್ಚು ವಿಶ್ವಾಸಾರ್ಹವೆಂಬ ಗ್ರಹಿಕೆ ಅದರ ಹಿಂದಿತ್ತೆಂಬುದನ್ನು ಮರೆಯುವಂತಿಲ್ಲ.

೪

ಸಾಹಿತ್ಯದ ಅಧ್ಯಾಪಕರಲ್ಲಿ ಪರೀಕ್ಷೆಯನ್ನು ಹಳಿಯುವುದು ಒಂದು ರೂಢಿಯಾಗಿದೆ. ಗೈಡುಗಳು, ಪ್ರಶ್ನೋತ್ತರ ಮಾಲೆಗಳು, ಹಿಂದುಳಿದವರಿಗೆಂದು ಸಿದ್ಧವಾಗುವ ‘ಪಾಸಿಂಗ್ ಪ್ಯಾಕೇಜ್’ಗಳು, ‘ಈ ಪದ್ಯದಿಂದ ನಾಲ್ಕಂಕದ ಪ್ರಶ್ನೆ ಬರುವುದಿಲ್ಲ’ ಎಂದು ಹೇಳಿಕೊಡುವ ನೀಲನಕ್ಷೆ, ಇವೆಲ್ಲ ಸೇರಿ ಪಠ್ಯವನ್ನು ಓದದೆಯೇ ಪಠ್ಯದ ಬಗ್ಗೆ ಬರೆಯುವ ವಿದ್ಯೆಯೊಂದನ್ನು ಬೆಳೆಸಿವೆಯೆಂಬುದು ನಿಜ. ಹಾಗೆಂದು ಪರೀಕ್ಷೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ಉತ್ತರಪತ್ರಿಕೆಯ ಮೇಲಿರುವುದು ನೋಂದಣಿ ಸಂಖ್ಯೆ. ಮೌಲ್ಯಮಾಪನ ಕೇಂದ್ರದಲ್ಲಿ ಅದನ್ನೂ ಮರೆಮಾಡಿರುತ್ತಾರೆ. ವಿದ್ಯಾರ್ಥಿಯ ಹೆಸರು, ಊರು, ಕೇರಿ, ಜಾತಿ, ತಂದೆಯ ಕೆಲಸ, ಫೀಸು ಬಾಕಿ ಯಾವುದೂ ಓದುವವನಿಗೆ ತಿಳಿಯದು. ತಾಲ್ಲೂಕು ಕೇಂದ್ರಗಳಂಥ ಚಿಕ್ಕ ಸಮಾಜದಲ್ಲಿ, ಅಧ್ಯಾಪಕನಿಗೆ ಪ್ರತಿಯೊಬ್ಬ ವಿದ್ಯಾರ್ಥಿಯ ಮನೆತನವೂ ಪರಿಚಿತವಾಗಿರುವಲ್ಲಿ, ಈ ಅಜ್ಞಾತತೆ ಸಾಮಾನ್ಯ ರಕ್ಷಣೆಯಲ್ಲ. ಆಂತರಿಕ ಅಂಕಕ್ಕೆ ಇಂಥ ಮುಸುಕಿಲ್ಲ. ಎದುರುತ್ತರ ಕೊಟ್ಟ ಹುಡುಗನೂ ಮೃದುವಾಗಿ ಮಾತನಾಡುವ ಹುಡುಗಿಯೂ ತಮ್ಮ ಹೆಸರಿನೊಡನೆಯೇ ಅಲ್ಲಿ ಅಳೆಯಲ್ಪಡುತ್ತಾರೆ.

ಎರಡನೆಯದಾಗಿ, ಪರೀಕ್ಷೆಯ ತೀರ್ಪನ್ನು ಪ್ರಶ್ನಿಸಲು ದಾರಿಯಿದೆ. ಮೌಲ್ಯಮಾಪನಗೊಂಡ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಡಿ ಪರೀಕ್ಷಾರ್ಥಿಗಿದೆಯೆಂದು ಸರ್ವೋಚ್ಚ ನ್ಯಾಯಾಲಯ ೨೦೧೧ರಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ತೀರ್ಪಿತ್ತಿದೆ. ಪ್ರತಿ ತರಿಸಿಕೊಳ್ಳಬಹುದು, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ಸ್ನಾತಕೋತ್ತರ ಹಂತದಲ್ಲಿ ಇಬ್ಬರು ಪರೀಕ್ಷಕರು ಪ್ರತ್ಯೇಕವಾಗಿ ಓದಿ, ಅಂತರ ಹೆಚ್ಚಿದ್ದರೆ ಮೂರನೆಯವರಿಗೆ ಕಳುಹಿಸುವ ಕ್ರಮವಿದೆ. ‘ನನ್ನ ಯೋಜನಾಕಾರ್ಯಕ್ಕೆ ಏಕೆ ಕಡಮೆ ಅಂಕ?’ ಎಂದು ಕೇಳಬಯಸುವ ವಿದ್ಯಾರ್ಥಿನಿ ಹೋಗಬೇಕಾದುದು ಅಂಕ ಕೊಟ್ಟವರ ಬಳಿಗೇ.

ಆದರೆ ಮುಖ ಕಾಣದ ಪರೀಕ್ಷಕ ನಿಷ್ಪಕ್ಷಪಾತಿಯಾದ ಮಾತ್ರಕ್ಕೆ ಅವನ ಅಳತೆ ನಿಖರವೆಂದಲ್ಲ. ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ೧೯೧೨ರಲ್ಲಿ ಇಂಗ್ಲಿಷ್ ವಿಷಯದ ಒಂದೇ ಉತ್ತರಪತ್ರಿಕೆಯನ್ನು ೧೪೨ ಶಾಲೆಗಳ ಅಧ್ಯಾಪಕರಿಂದ ತಿದ್ದಿಸಿದಾಗ ದೊರೆತ ಅಂಕಗಳು ೬೪ರಿಂದ ೯೮ರವರೆಗೆ ಹರಡಿದ್ದವು. ಈ ಹರಹನ್ನು ತಗ್ಗಿಸಲೆಂದೇ ‘ಕೀ ಉತ್ತರ’ ಬಂತು. ಸ್ವಾರಸ್ಯವೆಂಬುದೂ ಕೀ ಉತ್ತರದಲ್ಲಿ ಅಂಶಗಳಾಗಿ ಒಡೆದು, ಅಂಶಕ್ಕೆ ಇಷ್ಟೆಂದು ಬೆಲೆ ಪಡೆಯಿತು. ಪರೀಕ್ಷಕರ ನಡುವಣ ಒಮ್ಮತ ಹೆಚ್ಚಿದಂತೆಲ್ಲ ಪ್ರಶ್ನೆಯು ಸಾಹಿತ್ಯದಿಂದ ದೂರ ಸರಿಯುತ್ತ ಹೋದುದು ಇದರ ಪರಿಣಾಮ. ಅಪರಿಚಿತ ಭಾಗವನ್ನು ಓದಿ ಉತ್ತರಿಸುವ ಪ್ರಶ್ನೆ ಇಂದಿಗೂ ಇದೆ. ಆದರೆ ಅದಕ್ಕೆ ಸಾಮಾನ್ಯವಾಗಿ ಆರಿಸುವುದು ಮಾಹಿತಿಪ್ರಧಾನವಾದ ಗದ್ಯವನ್ನು. ಪಾಠವಾಗದ ಒಂದು ಪದ್ಯವನ್ನು ಕೊಟ್ಟು ಓದಿಸಿದರೆ ಗೈಡಿಗೆ ಕೆಲಸವಿರುವುದಿಲ್ಲ. ಮುದ್ರಿತ ಉತ್ತರವಿಲ್ಲದ ಆ ಪ್ರಶ್ನೆಯಲ್ಲಿ ಪರೀಕ್ಷೆಯು ಸಾಹಿತ್ಯಕ್ಕೆ ಅತ್ಯಂತ ಹತ್ತಿರ ಬರುವುದು ಸಾಧ್ಯ; ನಮ್ಮ ಪ್ರಶ್ನೆಪತ್ರಿಕೆಗಳು ಅದಕ್ಕೆ ಅಂಜುತ್ತಲೇ ಬಂದಿವೆ.

ಪರೀಕ್ಷೆಯ ಕೊಠಡಿಯ ಪಾವಿತ್ರ್ಯದ ಬಗ್ಗೆಯೂ ಹೆಚ್ಚು ಹೇಳದಿರುವುದು ಲೇಸು. ೨೦೨೪ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಅಳವಡಿಸಿ ವೆಬ್‌ಕಾಸ್ಟಿಂಗ್ ನಡೆಸಿದಾಗ, ಹಿಂದಿನ ವರ್ಷ ಶೇ. ೮೩.೮೯ ಇದ್ದ ಎಸ್.ಎಸ್.ಎಲ್.ಸಿ. ಫಲಿತಾಂಶ, ಕೃಪಾಂಕದ ಪ್ರಮಾಣವನ್ನು ಏರಿಸಿದ ಮೇಲೆಯೂ, ಶೇ. ೭೩.೪೦ಕ್ಕೆ ಇಳಿಯಿತು.

೫

ಕೃತಿಸಂಪುಟದ ಅನುಭವ ಹೊರದೇಶಗಳಲ್ಲಿ ಸಾಕಷ್ಟು ಹಳೆಯದು. ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾನಿಲಯದಲ್ಲಿ ಪೀಟರ್ ಎಲ್ಬೊ ಮತ್ತು ಪ್ಯಾಟ್ ಬೆಲನಾಫ್ ಬರೆವಣಿಗೆಯ ಅರ್ಹತಾ ಪರೀಕ್ಷೆಗೆ ಬದಲಾಗಿ ಕೃತಿಸಂಪುಟವನ್ನು ತಂದು, ಅದರ ವಿವರಗಳನ್ನು ೧೯೮೬ರಲ್ಲಿ ಪ್ರಕಟಿಸಿದರು. ಅವರ ಕ್ರಮದಲ್ಲಿ ಗಮನಿಸಬೇಕಾದ ಅಂಶವೆಂದರೆ, ಸಂಪುಟವನ್ನು ವಿದ್ಯಾರ್ಥಿಯ ಸ್ವಂತ ಅಧ್ಯಾಪಕನಲ್ಲದೆ ಬೇರೊಬ್ಬ ಅಧ್ಯಾಪಕನೂ ಓದುತ್ತಿದ್ದುದು. ಬೋಧಿಸಿದವನು ತೀರ್ಪುಗಾರನ ಪೀಠದಿಂದ ತುಸು ಇಳಿದು ವಿದ್ಯಾರ್ಥಿಯ ಪಕ್ಕದಲ್ಲಿ ನಿಲ್ಲಲು ಇದರಿಂದ ಅನುಕೂಲವಾಯಿತು. ೧೯೯೦ರ ದಶಕದ ಆರಂಭದಲ್ಲಿ ವರ್ಮಾಂಟ್ ರಾಜ್ಯ ಇದನ್ನು ರಾಜ್ಯವ್ಯಾಪಿಯಾಗಿ ಅಳವಡಿಸಿದಾಗ, ರ‍್ಯಾಂಡ್ ಸಂಸ್ಥೆಯ ಸಂಶೋಧಕರು ಒಂದೇ ಸಂಪುಟಕ್ಕೆ ಇಬ್ಬರು ಓದುಗರು ಕೊಟ್ಟ ಬೆಲೆಗಳಲ್ಲಿ ಹೊಂದಾಣಿಕೆ ತೀರ ಕಡಮೆಯೆಂದು ಕಂಡುಕೊಂಡರು. ಇಂಗ್ಲೆಂಡಿನ ಕತೆ ಇನ್ನೂ ಬೋಧಪ್ರದ. ಅಲ್ಲಿ ೧೯೮೦ರ ದಶಕದ ಕೊನೆಯಲ್ಲಿ ಇಂಗ್ಲಿಷ್ ವಿಷಯವನ್ನು ಸಂಪೂರ್ಣವಾಗಿ ತರಗತಿಯ ಬರೆಹಗಳ ಮೇಲೆಯೇ ಅಳೆಯುವ ಅವಕಾಶವಿತ್ತು. ೧೯೯೦ರ ದಶಕದಲ್ಲಿ ಅದಕ್ಕೆ ಮಿತಿ ಬಿತ್ತು. ಮನೆಯವರ ನೆರವು ಮತ್ತು ಅಂತರಜಾಲದ ನಕಲುಗಳ ದೂರು ಹೆಚ್ಚಿ, ಮುಂದೆ ಅಧ್ಯಾಪಕನ ಕಣ್ಣೆದುರಿನಲ್ಲಿಯೇ ಬರೆಸುವ ಕ್ರಮ ಬಂತು. ೨೦೧೫ರಲ್ಲಿ ಆರಂಭವಾದ ಪಠ್ಯಕ್ರಮದಲ್ಲಿ ಇಂಗ್ಲಿಷ್ ಮತ್ತೆ ಪೂರ್ಣವಾಗಿ ಲಿಖಿತ ಪರೀಕ್ಷೆಗೆ ಮರಳಿತು.

ನಮ್ಮಲ್ಲಿ ಇಷ್ಟು ದೀರ್ಘವಾದ ಪ್ರಯೋಗಕ್ಕೆ ಅವಕಾಶವೇ ಬರಲಿಲ್ಲ. ಚಟುವಟಿಕೆಯ ಹೆಸರಿನಲ್ಲಿ ‘ಕವಿಯ ಚಿತ್ರ ಸಂಗ್ರಹಿಸಿ ಅಂಟಿಸಿ’, ‘ಐದು ಗಾದೆಗಳನ್ನು ಬರೆಯಿರಿ’ ಎಂಬಂಥ ಕೆಲಸಗಳು ಬಂದವು. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ಬಣ್ಣದ ಹೊದಿಕೆ ಹಾಕಿ, ಸ್ಪೈರಲ್ ಬೈಂಡಿಂಗ್ ಮಾಡಿಸಿದ ಕಡತ ಅಂದವಾಗಿ ಕಾಣುತ್ತದೆ. ಅಂದಕ್ಕೆ ಅಂಕ ಬೀಳುತ್ತದೆ. ಬೈಂಡಿಂಗಿಗೆ ಹಣವಿಲ್ಲದವನ ನೋಟುಪುಸ್ತಕದ ಹಾಳೆಗಳು ಕೆಳಗುಳಿಯುತ್ತವೆ. ಈಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯ ಸಾಧನಗಳು ಕನ್ನಡದಲ್ಲಿಯೂ ಕ್ಷಣಾರ್ಧದಲ್ಲಿ ಪ್ರಬಂಧ ಬರೆದುಕೊಡುತ್ತಿರುವುದರಿಂದ, ಮನೆಯಲ್ಲಿ ಬರೆದು ತಂದ ವಿಮರ್ಶೆಯ ಪುಟಕ್ಕೆ ಪ್ರಮಾಣದ ಬೆಲೆಯೇ ಉಳಿದಿಲ್ಲ. ಇಂಥ ಸ್ಥಿತಿಯಲ್ಲಿ ಅನೇಕ ಅಧ್ಯಾಪಕರು ಹಿಡಿಯುವ ದಾರಿ ಸರ್ವರಿಗೂ ಪೂರ್ಣಾಂಕ ಅಥವಾ ಅದರ ಸಮೀಪದ ಅಂಕ ಕೊಡುವುದು. ಅದರಲ್ಲಿ ಕರುಣೆಯೂ ಇದೆ, ಶಾಲೆಯ ಫಲಿತಾಂಶದ ಚಿಂತೆಯೂ ಇದೆ. ಆದರೆ ಎಲ್ಲರಿಗೂ ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು ಬಂದಲ್ಲಿ ಆ ಅಂಕ ಯಾರನ್ನೂ ಯಾರಿಂದಲೂ ಬೇರೆ ಮಾಡುವುದಿಲ್ಲ. ವಿದ್ಯಾರ್ಥಿಗಳ ನಡುವಣ ತಾರತಮ್ಯ ಪೂರ್ಣವಾಗಿ ಲಿಖಿತ ಪರೀಕ್ಷೆಗೇ ಹಿಂತಿರುಗುತ್ತದೆ. ವರ್ಷವಿಡೀ ಓದಿ, ಪರೀಕ್ಷೆಯ ಮೂರು ಗಂಟೆಗಳಲ್ಲಿ ಕೈ ಓಡದ ವಿದ್ಯಾರ್ಥಿನಿಗೆ ಆಂತರಿಕ ಮೌಲ್ಯಮಾಪನದಿಂದ ಬರಬೇಕಾಗಿದ್ದ ನ್ಯಾಯ ಹೀಗೆ ಔದಾರ್ಯದಲ್ಲಿಯೇ ಕಳೆದುಹೋಗುತ್ತದೆ. ೨೦೨೫ರ ಅಕ್ಟೋಬರಿನಲ್ಲಿ ಸರ್ಕಾರ ಉತ್ತೀರ್ಣತೆಯ ಮಿತಿಯನ್ನು ಶೇ. ೩೫ರಿಂದ ೩೩ಕ್ಕೆ ಇಳಿಸಿ, ಆಂತರಿಕ ಹಾಗೂ ಲಿಖಿತ ಅಂಕಗಳನ್ನು ಕೂಡಿಸಿ ಲೆಕ್ಕಹಾಕುವ ಕ್ರಮವನ್ನು ಪ್ರಕಟಿಸಿದ ಮೇಲಂತೂ ಈ ಅಂಕದ ತೂಕ ಹೆಚ್ಚಿದೆ.

೬

ಕೃತಿಸಂಪುಟವನ್ನು ನಂಬಲರ್ಹವಾಗಿ ಮಾಡುವ ಮಾದರಿಯನ್ನು ವರ್ಮಾಂಟಿನಿಂದ ತರಬೇಕಾಗಿಲ್ಲ. ಅದು ಕನ್ನಡ ವಿಭಾಗಗಳಲ್ಲಿಯೇ ಇದೆ. ಜಾನಪದ ಸಂಗ್ರಾಹಕನ ಕ್ಷೇತ್ರಕಾರ್ಯದ ಪುಸ್ತಕವೇ ಆ ಮಾದರಿ. ಜೀ.ಶಂ. ಪರಮಶಿವಯ್ಯನವರು ವಿಶ್ವವಿದ್ಯಾನಿಲಯದ ಒಳಗೂ, ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದ ನಾಗೇಗೌಡರು ಅದರ ಹೊರಗೂ ಬೆಳೆಸಿದ ಪರಂಪರೆಯಲ್ಲಿ, ಒಂದು ಹಾಡನ್ನು ಬರೆದುಕೊಂಡ ಮಾತ್ರಕ್ಕೆ ಸಂಗ್ರಹ ಮುಗಿಯುವುದಿಲ್ಲ. ಹಾಡಿದವರು ಯಾರು, ವಯಸ್ಸೆಷ್ಟು, ಯಾರಿಂದ ಕಲಿತರು, ಯಾವ ಸಂದರ್ಭದಲ್ಲಿ ಹಾಡುತ್ತಾರೆ, ಪಕ್ಕದ ಊರಿನ ಪಾಠದಲ್ಲಿ ಏನು ವ್ಯತ್ಯಾಸ, ಬರೆದುಕೊಂಡ ದಿನ ಯಾವುದು ಎಂಬ ವಿವರಗಳು ಇರಬೇಕು. ಹಾಡುಗಾರ್ತಿ ತಡವರಿಸಿದ ಸಾಲನ್ನು ಹಾಗೆಯೇ ಬರೆಯಬೇಕು. ತಿದ್ದಿದರೆ ತಿದ್ದಿದ್ದೇನೆಂದು ಹೇಳಬೇಕು. ಈ ಶಿಸ್ತಿನಲ್ಲಿ ಬರೆದ ಪುಟವನ್ನು ನಕಲು ಮಾಡುವುದು ಕಷ್ಟ, ನಕಲು ಮಾಡಿದರೆ ಹಿಡಿಯುವುದು ಸುಲಭ. ಯಂತ್ರವು ಸೋಬಾನೆಯನ್ನು ಹೋಲುವ ಪದವೊಂದನ್ನು ಹೊಸೆದುಕೊಡಬಹುದು. ನಾಗಮಂಗಲ ತಾಲ್ಲೂಕಿನ ಇಂಥ ಹಳ್ಳಿಯ ಇಂಥ ಅಜ್ಜಿ ಮೂರನೆಯ ಸಾಲಿನಲ್ಲಿ ತಡೆದು ನಕ್ಕದ್ದನ್ನು ಕೊಡಲಾರದು.

ಈ ಶಿಸ್ತು ಜಾನಪದಕ್ಕೆ ಮಾತ್ರ ಸೀಮಿತವಾಗಬೇಕಾಗಿಲ್ಲ. ಶ್ರೀರಂಗಪಟ್ಟಣದ ವಿದ್ಯಾರ್ಥಿ ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ದ ಕೆಲವು ಪದ್ಯಗಳನ್ನು ಮನೆಯ ಹೆಂಗಸರಿಗೆ ಓದಿ ಹೇಳಿ, ಅವರು ಒಪ್ಪಿದ್ದೆಲ್ಲಿ, ಸಿಟ್ಟಾದುದೆಲ್ಲಿ, ನಕ್ಕದ್ದೆಲ್ಲಿ ಎಂಬುದನ್ನು ದಿನಾಂಕಸಹಿತ ದಾಖಲಿಸಿ, ತನ್ನ ಓದಿನೊಡನೆ ಹೋಲಿಸಬಹುದು. ಹದಿನೇಳನೆಯ ಶತಮಾನದ ಪತಿವ್ರತಾ ಧರ್ಮದ ಗ್ರಂಥವೊಂದು ಇಂದಿನ ಅಡುಗೆಮನೆಯಲ್ಲಿ ಹೇಗೆ ಕೇಳಿಸುತ್ತದೆಂಬುದು ಯಾವ ಗೈಡಿನಲ್ಲೂ ಇರಲಾರದು. ಮೇಲುಕೋಟೆಯ ಕಡೆಯ ವಿದ್ಯಾರ್ಥಿನಿ ಪು.ತಿ.ನ. ಅವರ ಒಂದು ಪದ್ಯವನ್ನು ಜೂನ್ ತಿಂಗಳಲ್ಲೊಮ್ಮೆ, ಜನವರಿಯಲ್ಲೊಮ್ಮೆ ಓದಿ ಎರಡು ಟಿಪ್ಪಣಿಗಳನ್ನು ಬರೆದು, ನಡುವೆ ಬದಲಾದುದೇನೆಂದು ಮೂರನೆಯ ಪುಟದಲ್ಲಿ ಹೇಳಬಹುದು. ಕೃಷ್ಣರಾಜಪೇಟೆಯಲ್ಲಿ ಮೂರ್ತಿರಾಯರ ಲಲಿತ ಪ್ರಬಂಧವೊಂದನ್ನು ಓದಿದವರು ಅದೇ ನಡೆಯಲ್ಲಿ ತಮ್ಮ ಸಂತೆಯ ಬಗ್ಗೆ ಬರೆದು, ಎರಡು ಕರಡುಗಳನ್ನೂ ಉಳಿಸಿಕೊಳ್ಳಬಹುದು. ಕರಡು ಇಲ್ಲದ ಬರೆಹ ಸಂಪುಟಕ್ಕೆ ಸಲ್ಲದೆಂಬ ಒಂದೇ ನಿಯಮ ಸ್ಪೈರಲ್ ಬೈಂಡಿಂಗಿನ ಅರ್ಧ ವೈಭವವನ್ನು 

ಇಳಿಸುತ್ತದೆ.

ಇಲ್ಲಿ ಒಂದು ಅಪಾಯವನ್ನು ಗುರುತಿಸಬೇಕು. ಹಳ್ಳಿಯ ಮಕ್ಕಳಿಗೆ ಜಾನಪದ, ಪೇಟೆಯ ಮಕ್ಕಳಿಗೆ ಕುಮಾರವ್ಯಾಸ ಎಂಬ ಹಂಚಿಕೆ ಸದ್ದಿಲ್ಲದೆ ನಡೆದುಹೋಗಬಹುದು. ಅಜ್ಜಿಯ ಹಾಡನ್ನು ತಂದ ವಿದ್ಯಾರ್ಥಿನಿಗೆ ಮೆಚ್ಚುಗೆಯ ಅಂಕ ಕೊಟ್ಟು, ಹಳಗನ್ನಡದ ಕಷ್ಟದಿಂದ ಅವಳನ್ನು ವಿನಾಯಿತಿಗೊಳಿಸುವುದು ಅವಳಿಗೆ ಮಾಡುವ ಉಪಕಾರವಲ್ಲ. ಮುಂದೆ ಪದವಿಯಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ, ಅಧ್ಯಾಪಕ ವೃತ್ತಿಯಲ್ಲಿ ಅವಳು ಎದುರಿಸಬೇಕಾದುದು ಪಂಪನನ್ನೇ. ಆದ್ದರಿಂದ ಸಂಪುಟದಲ್ಲಿ ಪ್ರತಿಯೊಬ್ಬರದೂ ಒಂದು ಪ್ರಾಚೀನ ಪದ್ಯಭಾಗದ ಓದು ಇರಲೇಬೇಕೆಂಬ ಷರತ್ತು ಅಗತ್ಯ. ನಡುಗನ್ನಡದ ಷಟ್ಪದಿಯಾದರೂ ಆಗಬಹುದು, ಊರಿನ ಶಾಸನದ ನಾಲ್ಕು ಸಾಲಾದರೂ ಆಗಬಹುದು.

೭

ಅಧ್ಯಾಪಕನ ಸಮಯದ ಲೆಕ್ಕವನ್ನು ಹಾಕದೆ ಬರೆದ ಶಿಫಾರಸುಗಳು ಸುತ್ತೋಲೆಗಳ ಕಡತ ಸೇರಿವೆ. ಅರುವತ್ತು ವಿದ್ಯಾರ್ಥಿಗಳ ಎರಡು ವಿಭಾಗಗಳಿಗೆ ಕನ್ನಡ ಬೋಧಿಸುವ ಒಬ್ಬ ಅಧ್ಯಾಪಕನನ್ನು ಊಹಿಸಿಕೊಂಡರೆ, ತಲಾ ಹತ್ತು ಬರೆಹಗಳ ಸಂಪುಟವೆಂದರೆ ಸಾವಿರದ ಇನ್ನೂರು ಬರೆಹಗಳು; ಒಂದಕ್ಕೆ ಹತ್ತು ನಿಮಿಷದಂತೆ ಇನ್ನೂರು ಗಂಟೆಗಳು. ಇದು ಆಗದ ಮಾತು. ಆಗದ್ದನ್ನು ಆದೇಶಿಸಿದಾಗ ಓದದೆ ಅಂಕ ಹಾಕುವ ಅಭ್ಯಾಸ ಬೆಳೆಯುತ್ತದೆ. ಮೂರೇ ಬರೆಹಗಳನ್ನು ಕೇಳಿದರೆ ಅರುವತ್ತು ಗಂಟೆ ಸಾಕು. ವರ್ಷಕ್ಕೆ ಹರಡಿದರೆ ಅದು ನಿಭಾಯಿಸಬಹುದಾದ ಹೊರೆ. ಇದರ ಮೇಲೆ ವಿದ್ಯಾರ್ಥಿಗೆ ಐದು ನಿಮಿಷದಂತೆ ಹತ್ತು ಗಂಟೆಗಳ ಮೌಖಿಕವನ್ನು ಸೇರಿಸಬೇಕು. ‘ಈ ವಾಕ್ಯವನ್ನು ಎರಡನೆಯ ಕರಡಿನಲ್ಲಿ ಏಕೆ ಬಿಟ್ಟೆ?’ ಎಂಬ ಒಂದು ಪ್ರಶ್ನೆಗೆ ಬರುವ ಉತ್ತರದಿಂದ ಬರೆಹ ಯಾರದೆಂಬುದು ತಿಳಿಯುತ್ತದೆ. ಬರೆಯಲು ತಡವರಿಸುವ, ಮಾತಿನಲ್ಲಿ ಚುರುಕಾದ ವಿದ್ಯಾರ್ಥಿಗೆ ಈ ಐದು ನಿಮಿಷಗಳು ಲಿಖಿತ ಪರೀಕ್ಷೆಯಲ್ಲಿ ಎಂದೂ ಸಿಗದ ಅವಕಾಶ.

ಉಳಿಯುವುದು ಮುಖ ಕಾಣುವ ತೀರ್ಪಿನ ಸಮಸ್ಯೆ. ಇದಕ್ಕೆ ನಾಲ್ಕು ತಾಲ್ಲೂಕುಗಳ ಸಾಮೀಪ್ಯವೇ ಉಪಾಯವನ್ನು ಸೂಚಿಸುತ್ತದೆ. ಕೃಷ್ಣರಾಜಪೇಟೆಯ ಶಾಲೆಯೊಂದರ ಸಂಪುಟಗಳಲ್ಲಿ ಹತ್ತನ್ನು, ಹೆಸರಿರುವ ಹೊದಿಕೆಯನ್ನು ತೆಗೆದು, ನಾಗಮಂಗಲದ ಅಧ್ಯಾಪಕನಿಗೂ, ಅಲ್ಲಿಯ ಹತ್ತನ್ನು ಪಾಂಡವಪುರಕ್ಕೂ, ಅಲ್ಲಿಂದ ಶ್ರೀರಂಗಪಟ್ಟಣಕ್ಕೂ ಓದಲು ಕೊಡಬಹುದು. ವಿಷಯವಾರು ಅಧ್ಯಾಪಕರ ಸಭೆಗಳು ಹೇಗೂ ನಡೆಯುತ್ತವೆ. ಅವುಗಳಲ್ಲಿ ಅರ್ಧ ದಿನವನ್ನು ಸುತ್ತೋಲೆ ಓದುವುದಕ್ಕೆ ಬದಲಾಗಿ ಈ ನಲವತ್ತು ಸಂಪುಟಗಳ ಓದಿಗೆ ಮೀಸಲಿಡುವುದು ಅಸಾಧ್ಯವೇನಲ್ಲ. ಹೊರಗಿನ ಓದುಗನ ಅಂಕಕ್ಕೂ ಒಳಗಿನವನ ಅಂಕಕ್ಕೂ ಐದರಷ್ಟು ಅಂತರ ಬಂದಲ್ಲಿ ಇಬ್ಬರೂ ಕುಳಿತು ಕಾರಣ ಹೇಳಿಕೊಳ್ಳಬೇಕು. ವರ್ಮಾಂಟಿನಲ್ಲಿ ಕಂಡ ಭಿನ್ನಾಭಿಪ್ರಾಯ ಇಲ್ಲಿಯೂ ಕಾಣುವುದು ಖಚಿತ. ಆದರೆ ಒಂದು ಪದ್ಯದ ಯಾವ ಓದು ಒಳ್ಳೆಯದೆಂದು ಇಬ್ಬರು ಕನ್ನಡ ಅಧ್ಯಾಪಕರು ವಾದಿಸುವುದು ವಿಭಾಗಗಳ ಶೈಕ್ಷಣಿಕ ಜೀವನದಲ್ಲಿ ಅಪರೂಪವಾಗಿರುವುದರಿಂದ, ಆ ಭಿನ್ನಾಭಿಪ್ರಾಯವನ್ನು ದೋಷವೆಂದು ಮಾತ್ರ ಎಣಿಸಬೇಕಾಗಿಲ್ಲ. ಓದಿ ಮುಗಿದ ಮೇಲೆ ಅಂಕದೊಡನೆ ಎರಡು ವಾಕ್ಯಗಳ ಕಾರಣವನ್ನು ವಿದ್ಯಾರ್ಥಿಗೆ ಬರೆದುಕೊಟ್ಟರೆ, ಆತ ಪ್ರಶ್ನಿಸಲು ಒಂದು ದಾಖಲೆಯೂ ದೊರೆತಂತಾಗುತ್ತದೆ.

ಇಷ್ಟಾದರೂ ಲಿಖಿತ ಪರೀಕ್ಷೆಯ ಸ್ಥಾನವನ್ನು ಸಂಪುಟಕ್ಕೆ ಬಿಟ್ಟುಕೊಡುವ ಕಾಲ ಈ ತಾಲ್ಲೂಕುಗಳಲ್ಲಿ ಸದ್ಯಕ್ಕೆ ಬಂದಿಲ್ಲ. ಹೆಸರು ಮರೆಮಾಡಿದ ಓದು, ಪ್ರಶ್ನಿಸುವ ಹಕ್ಕು, ಎರಡನೆಯ ಓದುಗ ಈ ಮೂರು ರಕ್ಷಣೆಗಳು ಸಂಪುಟಕ್ಕೂ ದೊರೆಯುವವರೆಗೆ ನೂರರ ಭಾರವನ್ನು ಅದರ ಮೇಲೆ ಹೊರಿಸಿದರೆ, ಮೊದಲು ಕುಸಿಯುವವನು ಯಾರ ಪರಿಚಯವೂ ಇಲ್ಲದ ವಿದ್ಯಾರ್ಥಿಯೇ. ಇಪ್ಪತ್ತೈದರ ಮಟ್ಟಿಗೆ ಅಧ್ಯಾಪಕನು ಈ ವರ್ಷದಿಂದಲೇ ಆರಂಭಿಸಬಹುದಾದ ಕೆಲಸವಿದೆ. ಅದಕ್ಕೆ ಬೇಕಾದುದು ಜೂನ್ ತಿಂಗಳಲ್ಲಿ ಮೊದಲ ಕರಡನ್ನು ಬರೆಸಿ ದಿನಾಂಕ ಹಾಕಿ ಇಟ್ಟುಕೊಳ್ಳುವುದು. ಉತ್ತರಪತ್ರಿಕೆಗಳು ನಿಗದಿತ ಅವಧಿಯ ಬಳಿಕ ವಿಲೇವಾರಿಯಾಗುತ್ತವೆ. ಸಂಪುಟವನ್ನು ಫಲಿತಾಂಶದ ನಂತರ ವಿದ್ಯಾರ್ಥಿಗೆ ಹಿಂದಿರುಗಿಸಿ, ಹಾಡು, ಶಾಸನಪಾಠ, ಊರಿನ ಮಾತುಗಳನ್ನು ಒಳಗೊಂಡ ಪುಟಗಳ ಒಂದು ಪ್ರತಿಯನ್ನು, ಹಾಡಿದವರ ಹಾಗೂ ವಿದ್ಯಾರ್ಥಿಯ ಒಪ್ಪಿಗೆ ಪಡೆದು, ಶಾಲೆಯ ಗ್ರಂಥಾಲಯದಲ್ಲಿ ತಾಲ್ಲೂಕುವಾರು ಇರಿಸಬೇಕು.